ಗರಗಸ ಕಚ್ಚಿಕೊಂಡ ಕಲ್ಲು

೧೭ ನವೆಂಬರ್ ೨೦೨೫, ಸೋಮವಾರ
ನಂಜನಗೂಡು

ಕೈ ಎಷ್ಟು ತೊಳೆದರೂ ಎಣ್ಣೆ, ಕಲ್ಲಿನ ಕೆಸರು ಹೋಗುತ್ತಿಲ್ಲ. ಊಟಕ್ಕೆ ಕೂತರೂ ಅದೇ ನಾತ. ಥೂ, ಈ ಹವ್ಯಾಸಕ್ಕೆ ಬೆಂಕಿ ಬೀಳ.

ಕಲ್ಲು ಕೊಯ್ಯುವ ಮಷಿನ್ ತಂದು ಹಿತ್ತಲಲ್ಲಿ ಇಟ್ಟ ದಿನವೇ ಮಧುಶ್ರೀ ಕೇಳಿದ್ದಳು, "ನೀವು ದುಡಿಯೋ ತಾಂಡ್ಯದ ಫ್ಯಾಕ್ಟ್ರಿ ಸದ್ದು ಸಾಲ್ದು ಅಂತ ಮನೇಗೂ ತಂದ್ರಾ?" ಹೆಂಡತಿ ಮಾತು ಕೇಳಬೇಕಿತ್ತು.

ತಿ. ನರಸೀಪುರದ ಹೊಳೆಯಲ್ಲಿ ಆರಿಸಿ ತಂದ ಕಪ್ಪು ಕಲ್ಲು, ಮೇಲೆ ಮೂರು ಬಿಳಿ ಗೆರೆ. ಕೊಯ್ದು ಪಾಲಿಶ್ ಹಾಕಿ ಪದಕ ಮಾಡಿಕೊಡುತ್ತೇನೆಂದು ಅವಳ ಮುಂದೆ ಜಂಬ ಕೊಚ್ಚಿದ್ದೆ. ಗುಂಡುಕಲ್ಲು ಮಷಿನ್ನಿನ ಹಿಡಿತಕ್ಕೆ ಕೂರುವುದಿಲ್ಲ ಎನ್ನುವಷ್ಟೂ ಬುದ್ಧಿಯಿಲ್ಲದೆ ಸ್ವಿಚ್ ಹಾಕಿದೆ. ಅರ್ಧ ಕೊಯ್ಯುವಷ್ಟರಲ್ಲಿ ಕಲ್ಲು ತಿರುಗಿತು, ಬ್ಲೇಡ್ ಸೊಟ್ಟಗಾಗಿ ಒಳಗೇ ಸಿಕ್ಕಿಕೊಂಡಿತು, ಮೋಟಾರ್ ಸುಟ್ಟ ವಾಸನೆ ಹೊಡೆದು ನಿಂತಿತು. ಕಲ್ಲು ಒಡೆದು ಬ್ಲೇಡ್ ಬಿಡಿಸೋಣವೆಂದು ಸುತ್ತಿಗೆ ಎತ್ತಿದರೆ ಅವ್ವ ಓಡಿ ಬಂದು ಕೈ ಹಿಡಿದಳು.

"ಲೇ, ಕಣ್ ಕಾಣಕ್ಕಿಲ್ವಾ? ಮೂರು ಗೆರೆ ಈಬೂತಿ ಕಣ್ಲಾ! ಕಾರ್ತಿಕದ ಸ್ವಾಮಾರ ಸಿವನ್ ತಲೆ ಒಡೀತೀಯಾ?"

"ಕಲ್ಲು ಕಣವ್ವ ಅದು."

"ನಂಜುಂಡಪ್ಪ ಇನ್ನೇನ್ಲಾ ಮತ್ತೆ, ಮರವಾ?"

ಸಂಜೆಗೆ ಕಲ್ಲಿಗೆ ಕುಂಕುಮ, ಬಿಲ್ವಪತ್ರೆ. ಬ್ಲೇಡಿಗೂ ಒಂದು ಚೆಂಡು ಹೂವು. ಪಕ್ಕದ ಮನೆಯ ಮಾದಮ್ಮ ಬಂದವಳು, ಸೋರುತ್ತಿದ್ದ ಮಷಿನ್ ಎಣ್ಣೆಯನ್ನು ಬೆರಳಲ್ಲಿ ತೆಗೆದು ನೆತ್ತಿಗೆ ಹಚ್ಚಿಕೊಂಡಳು!

ಎಲ್ಲರೂ ಮಲಗಿದ ಮೇಲೆ, ಈಗಷ್ಟೇ, ಸುತ್ತಿಗೆ ಹಿಡಿದು ಹಿತ್ತಲಿಗೆ ಹೋದೆ. ಒಂದೇ ಏಟಿಗೆ ಮುಗಿಯುತ್ತಿತ್ತು. ಕಾಲಿಗೆ ನೆಲ ತಣ್ಣಗೆ ತಾಗಿತು. ನೋಡಿಕೊಂಡರೆ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದೇನೆ. ಥೂ ನನ್ನ ಜನ್ಮಕ್ಕಿಷ್ಟು!