ಬುಂತ ಹಿಮಕ್ಕೆ ಇಳಿಯುವುದೇಕೆ

ಒಟಾರು
ಫೆಬ್ರುವರಿ ೧೧

ಮುದ್ದಿನ ಮಗಳು ಚಿಗುಸಾಗೆ,

ಕ್ಷೇಮವೇ? ಹೊಸವರ್ಷಕ್ಕೆ ನೀನು ಬರೆದ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ, ಮುನಿಯಬೇಡ. ಬ್ರೈಲ್ ಚುಚ್ಚಲು ಕುಳಿತಾಗಲೆಲ್ಲ ಯಾರದೋ ಸೊಂಟನೋವು ಬಾಗಿಲು ತಟ್ಟುತ್ತದೆ. ಹಿಮ ಬಾಚಿ ಬಾಚಿ ಊರಿನ ಸೊಂಟಗಳೆಲ್ಲ ನನ್ನ ಸೂಜಿಚಿಕಿತ್ಸೆಗೆ ಶರಣು!

ಕಣ್ಣಿಲ್ಲದ ನನಗೆ ದಾರಿ ತೋರುವ ನಾಯಿ ಬುಂತನನ್ನು ಕೆಲಸದಿಂದ ಬಿಡಿಸುವುದು ಯಾವಾಗ ಎಂದು ಕೇಳಿದ್ದೆಯಲ್ಲ? ಕೇಳು ಹಾಗಾದರೆ!

ಬಲಕ್ಕೆ ಹಿಮದ ಗೋಡೆ, ಎಡಕ್ಕೆ ಮೆತ್ತನೆಯ ಹಿಮ, ನಡುವೆ ಬಾಚಿದ ದಾರಿ. ನಾನು, ನನ್ನ ಎಡಕ್ಕೆ ನಾಯಿ, ಇಬ್ಬರಿಗೆ ಧಾರಾಳ. ಆದರೂ ಈ ಮುದುಕ ದಾರಿ ಬಿಟ್ಟು ತನ್ನ ಹೊಟ್ಟೆಮಟ್ಟದ ಹಿಮಕ್ಕೆ ಇಳಿಯುತ್ತಾನೆ. ಅಕ್ಕಿ ಅಂಗಡಿಯ ಅಜ್ಜಿ ಹೋದ ತಿಂಗಳು ಸಲಿಕೆ ಕುಟ್ಟಿ ಗದರಿದಳು: "ಏನ್ರೀ ಸೂಜಿ ಡಾಕ್ಟ್ರೇ, ನಾನು ಬಾಚಿದ್ದು ನಿಮ್ಮ ಮಹಾರಾಜರಿಗೆ ಸಾಲ್ದಂತಾ?"

"ಎದುರಿಗೆ ಯಾರೋ ಬಂದಿರ್ಬೇಕು ಅಜ್ಜಿ, ದಾರಿ ಬಿಟ್ಟಿದಾನೆ."

"ಯಾರ್ರೀ ಬರ್ತಾರೆ? ಒಂದು ಕಾಗೇನೂ ಇಲ್ಲ!"

ನಕ್ಕೆ. ಆ ನಗೆ ಬಾಯಲ್ಲೇ ಹೆಪ್ಪುಗಟ್ಟಿತು.

ಆಮೇಲೆ ಇಳಿಜಾರಿನಲ್ಲಿ ನಡೆದದ್ದು ಕೇಳು. ಅಲ್ಲಿ ಎಡಕ್ಕೆ ಹಿಮವಿಲ್ಲ, ರಸ್ತೆ. ಬುಂತ ರಸ್ತೆಗೇ ಇಳಿದ! ಲಾರಿಯ ಬ್ರೇಕು ಕಿರುಚಿತು, ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಅಡರಿತು. ಬೆನ್ನುಪಟ್ಟಿಯ ಹಿಡಿಕೆಯಲ್ಲಿ ಅವನ ನಡುಕ ನನ್ನ ಮೊಣಕೈವರೆಗೂ ಹತ್ತಿತು.

ಅವನಿಗೆ ತರಬೇತಿ ಕೊಟ್ಟಿದ್ದ ಮುರಾಸೆ ಸಪ್ಪೊರೊದಿಂದ ಬಂದು ನಮ್ಮ ಹಿಂದೆಯೇ ನಡೆದು ನೋಡಿದಳು. "ಒಗಾತಾ ಅವರೇ, ಇವನಿಗೆ ವಯಸ್ಸಾಯ್ತು. ಕಣ್ಣು ಮಂಜಾಗಿ ಅಳತೆ ತಪ್ತಾ ಇದಾನೆ. ಬಿಟ್ಬಿಡಿ, ಇಲ್ದಿದ್ರೆ ಇಬ್ರೂ ಹೋಗ್ತೀರಿ."

"ಅಳತೆ ಬೆರಳಷ್ಟೂ ತಪ್ಪಿಲ್ಲ!" ಎಂದು ಗುಡುಗಿದೆ. ಕಾರಣ ಹೇಳುವ ಬದಲು ಹಿಡಿಕೆ ಎತ್ತಿ ಮನೆಯತ್ತ ಹೊರಟೆ.

ಅಂದು ಅವನ ಎಡತೊಡೆಯ ಕೂದಲಿಂದ ಮಂಜುಗಡ್ಡೆ ಬಿಡಿಸುವಾಗ ಬುಂತ ಮುಲುಗಿದ. ಇಷ್ಟು ವರ್ಷಗಳಲ್ಲಿ ಅವನ ನೋವಿನ ದನಿ ನಾನು ಕೇಳಿದ್ದು ಅದೇ ಮೊದಲು. ಅಲ್ಲಿಗೆ ತೀರ್ಮಾನವಾಯಿತು. ಮರಿಯಾಗಿದ್ದಾಗ ಅವನನ್ನು ಸಾಕಿದ ಯೊಯ್ಚಿ ಊರಿನ ಸೇಬಿನ ತೋಟದವರು ತಿಂಗಳ ಕೊನೆಗೆ ಬಂದು ಕರೆದೊಯ್ಯುತ್ತಾರೆ. ಅಳಬೇಡ. ಅವನಿಗೆ ಅಲ್ಲಿ ಬೆಚ್ಚನೆಯ ಒಲೆಯಿದೆ.

ನೀನೂ ನಿನ್ನ ಮನೆಯವರೂ ನೂರು ಚಳಿಗಾಲ ಬೆಚ್ಚಗಿರಿ.

ನಿನ್ನ ಅಪ್ಪ

ತಾ.ಕ.: ಮುರಾಸೆಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ಇಂಥ ನಾಯಿ ತನ್ನ ಅಗಲವನ್ನೂ ಒಡೆಯನ ಅಗಲವನ್ನೂ ಸೇರಿಸಿ ದಾರಿ ಅಳೆಯುತ್ತದೆ. ನಿನ್ನ ಅಮ್ಮ ಬುಂತ ಬಂದ ಮೊದಲ ದಿನದಿಂದಲೂ ನನ್ನ ಬಲತೋಳು ಹಿಡಿದೇ ನಡೆದಳು. ಬುಂತ ಮೂವರಿಗೆ ಅಳೆಯುವುದನ್ನು ಕಲಿತ. ಅವಳು ತೀರಿಹೋದ ಮೇಲೂ ಅಳತೆ ಕಿರಿದು ಮಾಡಲಿಲ್ಲ. ಜಾಗ ಸಾಲದ ಕಡೆ ತನ್ನ ಪಾಲನ್ನು ಅವಳಿಗೆ ಬಿಟ್ಟು ತಾನು ಹಿಮಕ್ಕೆ ಇಳಿದ. ನಿನ್ನೆ ಮುರಾಸೆ ಹೊಸ ನಾಯಿಯನ್ನು ತಂದು ನಡೆಸಿದಳು. ನೇರ ನಡೆಯಿತು, ಒಂದು ತಪ್ಪಿಲ್ಲ. ನನ್ನ ಬಲಭುಜಕ್ಕೆ ಹಿಮದ ಗೋಡೆಯ ತಂಪು ತಾಗಿತು. ಇನ್ನು ಅವಳು ಎಲ್ಲಿ ನಡೆಯಬೇಕು, ಮಗಳೇ?