ಬಾಗಿಲ ಮೇಲಿನ ಕೊಪ್ಪರಿಗೆ

ಓಯಾನ್‌ಬುರು, ನವಾರ್ರಾ
೧೪ ನವೆಂಬರ್ ೧೯೮೭

ಪ್ರೀತಿಯ ಲೂಸಿಯಾ,

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತೇ? ಸರಗೋಸಾದ ಆ ಗಾಳಿಯಲ್ಲಿ ನೀನು ಕಿವಿಗೆ ಬಟ್ಟೆ ಕಟ್ಟದೆ ತಿರುಗುತ್ತೀಯೆಂದು ನನಗೆ ಗೊತ್ತು. ದನಗಳ ವೈದ್ಯ ಕಲಿಯುವವಳು ತನ್ನ ಗಂಟಲನ್ನೂ ಒಂದಿಷ್ಟು ನೋಡಿಕೊಳ್ಳಬೇಕು. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬೂದು ಹಸು ಹೆಣ್ಣುಗರು ಹಾಕಿದೆ. ಬುಧವಾರ ಸಂತ ಮಾರ್ತಿನನ ಹಬ್ಬ, ಹಂದಿ ಕಡಿದೆವು. ನಿನ್ನ ಪಾಲಿನ ಸಾಸೇಜು ಒಲೆಯ ಮೇಲೆ ಹೊಗೆ ಕುಡಿಯುತ್ತಾ ನಿನಗಾಗಿ ಕಾಯುತ್ತಿದೆ.

ಈಗ ನಿನಗೊಂದು ಕಥೆ ಹೇಳಬೇಕು. ಇದನ್ನು ಮೊದಲು ನನಗೆ ಹೇಳಿದವಳು ನನ್ನ ಅತ್ತೆ ಕತಾಲಿನ್, ಮೂವತ್ತೊಂದನೇ ಇಸವಿಯಲ್ಲಿ, ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ. ಒಲೆಯ ಮೇಲೆ ತೂಗುವ ಸರಪಳಿಯ ಸುತ್ತ ನನ್ನನ್ನು ಮೂರು ಸುತ್ತು ಹಾಕಿಸಿ, ಇನ್ನು ನೀನು ಇತುರ್ಬೆ ಮನೆಯವಳು ಎಂದು ಹೇಳಿ, ಆಮೇಲೆ ಕೂರಿಸಿಕೊಂಡು ಹೇಳಿದಳು. ಆಕೆಗೆ ಆಕೆಯ ಅತ್ತೆ ಹೇಳಿದ್ದಳಂತೆ. ಹೊರಗಿನಿಂದ ಈ ಮನೆಗೆ ಬರುವ ಹೆಂಗಸಿಗೆ ಮಾತ್ರ ಹೇಳುವ ಕಥೆಯಿದು, ಗಂಡಸರ ಕಿವಿಗೆ ಹಾಕಬಾರದು ಎಂದಿದ್ದಳು. ಐವತ್ತಾರು ವರ್ಷ ಹಾಗೇ ನಡೆದುಕೊಂಡೆ. ಬುಧವಾರ ಮಾತು ಮುರಿಯಬೇಕಾಯಿತು.

ನನ್ನ ಮಗ ಎಸ್ತೆಬಾನ್ ಪಾಂಪ್ಲೋನಾದಲ್ಲಿ ಹೊಸ ಮನೆ ಕಟ್ಟಿಸಿರುವುದು ನಿನಗೆ ಗೊತ್ತಲ್ಲ. ಅದರ ಹಜಾರದಲ್ಲಿ ಒಂದು ಚೌಕಟ್ಟು ತೂಗುಹಾಕಿದ್ದ. ಉಪನಾಮ ಬರೆದು ಕಳಿಸಿದರೆ ಮನೆತನದ ಲಾಂಛನ ಬರೆದು ಕಳಿಸುವ ಅಂಗಡಿಯದಂತೆ, ಕೋಟೆ ಹತ್ತುವ ಸಿಂಹ. ಊಟಕ್ಕೆ ಬಂದ ಯಾರೋ ಬೇರೆ ಇತುರ್ಬೆ, ಬೂಟು ಮಾರುವವನು, ತನ್ನ ಮನೆಯಲ್ಲೂ ಅದೇ ಸಿಂಹವಿದೆ ಎಂದುಬಿಟ್ಟನಂತೆ. ಅಂದಿನಿಂದ ಎಸ್ತೆಬಾನನಿಗೆ ನಮ್ಮ ಬಾಗಿಲ ಮೇಲಿನ ಕಲ್ಲಿನ ಲಾಂಛನದ ಮೇಲೆ ಕಣ್ಣು. ಚಿಕ್ಕವನಿದ್ದಾಗ ಇದೇ ಕಲ್ಲಿಗೆ ನಾಚಿಕೊಳ್ಳುತ್ತಿದ್ದ. ಅಕ್ಕಪಕ್ಕದ ಬಾಗಿಲುಗಳ ಮೇಲೆ ತೋಳ, ಕಾಡುಹಂದಿ, ಗೋಪುರ; ನಮ್ಮದರ ಮೇಲೆ ಸರಪಳಿಗೆ ನೇತುಬಿದ್ದ ಒಂದು ಕೊಪ್ಪರಿಗೆ. ಎರಡು ತೋಳದ ಮನೆಯ ಮಿಕಾಯೆಲಾ ಇಂದಿಗೂ ಬಾಗಿಲಿಗೆ ಬಂದು, ಏನಮ್ಮ, ಸಾರು ಕುದೀತಾ ಎಂದು ಮೇಲೆ ನೋಡಿಯೇ ಕೇಳುವುದು.

ಹಂದಿಯ ಪಾಲಿಗೆ ಬಂದ ಎಸ್ತೆಬಾನ್ ಜೊತೆಗೆ ಕಲ್ಲುಕುಟಿಗ ಬಿಶೆಂತೆಯನ್ನೂ ಕರೆತಂದಿದ್ದ. ನಾವು ಹೆಂಗಸರು ಮೊಣಕೈತನಕ ರಕ್ತ, ಈರುಳ್ಳಿ ಮಾಡಿಕೊಂಡು ಕರುಳು ತುಂಬುತ್ತಿದ್ದೆವು. ಎಸ್ತೆಬಾನ್, ನಾಳೆ ಬೆಳಿಗ್ಗೆ ಕಲ್ಲು ಬಿಡಿಸಿ ಪಾಂಪ್ಲೋನಾಕ್ಕೆ ಒಯ್ಯುತ್ತೇನೆ, ನಿನ್ನ ಕಾಲಾನಂತರ ಇಲ್ಲಿ ಅದನ್ನು ನೋಡುವವರು ಯಾರು ಎಂದ. ಬಿಡಿಸಕೂಡದು, ಕಲ್ಲು ಮನೆಯದು ಎಂದೆ. ಆಗ ಅವನು, ಎಲ್ಲರ ಎದುರಿಗೆ, ಅಂದ: “ಕಲ್ಲು ಹೆಸರಿಗೆ ಸೇರಿದ್ದು ಅಮ್ಮಾ. ಹೆಸರು ನಂದು. ನೀನು ಬೇರೆ ಕಡೆಯಿಂದ ಬಂದೋಳು.”

ನಾನು ಕೈಯಲ್ಲಿದ್ದ ಸಾಸೇಜಿಗೆ ಗಂಟು ಹಾಕಿ, ಕೂತ್ಕೋ ಎಂದೆ. ಬಿಶೆಂತೆಯೂ ಕೂತ.

ಅತ್ತೆ ಹೇಳಿದ ಕಥೆ ಹೇಳತೊಡಗಿದೆ. ಬಹಳ ಹಿಂದೆ, ಮಹಾಮಾರಿಯ ವರ್ಷ, ಈ ಮನೆಯ ಎಂಟು ಜನ ಒಂದೇ ಬೇಸಿಗೆಯಲ್ಲಿ ಹೋದರು. ಉಳಿದವಳು ಆಳುಹೆಂಗಸು ಮಾರಿಶಾ. ಯಾವ ಊರಿನವಳೆಂದು ಅವಳಿಗೇ ಸರಿಯಾಗಿ ತಿಳಿಯದು. ಎಂಟು ಗುಂಡಿ ತೋಡಿದವಳೂ ಅವಳೇ. ಸೋಂಕು ಸುಡಲೆಂದು ಕಣಿವೆಯವರು ಮುಂಬಾಗಿಲಿಗೆ ಬೆಂಕಿಯಿಟ್ಟರು; ಬಾಗಿಲ ಮೇಲಿದ್ದ ಹಳೆಯ ಲಾಂಛನ ಸಿಡಿದು ಚೂರಾಯಿತು. ತೊರೆಯ ಆಚೆ ದಡದಿಂದ ಜನ ಕೂಗಿದರು, ಬಿಟ್ಟು ಬಾರೇ, ಅದು ಸತ್ತ ಮನೆ ಎಂದು. ಇವಳು ಒಳಗಿಂದಲೇ ಅಂದಳಂತೆ, “ಗಂಜಿ ಕುದೀತಾ ಐತೆ, ಹೆಂಗೆ ಬಿಟ್ಟು ಬರ್ಲಿ?” ಮೂರು ವರ್ಷ ಆ ಒಲೆ ಆರಲಿಲ್ಲ. ಕಣಿವೆಯಲ್ಲಿ ಉಳಿದವರು ಬಟ್ಟಲು ಹಿಡಿದುಕೊಂಡು ಬಂದದ್ದು ಆ ಕೊಪ್ಪರಿಗೆಗೇ. ಅಪ್ಪ ಅಮ್ಮ ಸತ್ತ ಮಕ್ಕಳು ಇದೇ ಒಲೆಯ ಮುಂದೆ ಬೆಳೆದರು. ಅವಳನ್ನು ಎಲ್ಲರೂ ಇತುರ್ಬೆ ಎಂದೇ ಕರೆದರು. ಆಗೆಲ್ಲ ಯಾವ ಮನೆಯ ಒಲೆ ಹಚ್ಚುತ್ತಾರೋ ಅದೇ ಅವರ ಹೆಸರು.

ರೋಗ ಕಳೆದ ಮೇಲೆ ಕಣಿವೆಯ ಹಿರಿಯರು ಕುಟಿಗನನ್ನು ಕರೆತಂದು, ಲಾಂಛನ ಮತ್ತೆ ಕೆತ್ತಿಸುತ್ತೇವೆ, ಹಳೆಯದರಲ್ಲಿ ಏನಿತ್ತು ಹೇಳು ಎಂದು ಕೇಳಿದರು. ಮಾರಿಶಾಗೆ ಗೊತ್ತಿಲ್ಲ. ಆಳುಗಳಿಗೆ ಕೊಟ್ಟಿಗೆಯ ಬಾಗಿಲು. ಮುಂಬಾಗಿಲಿಂದ ಅವಳು ಒಮ್ಮೆಯೂ ಬಂದವಳಲ್ಲ, ತಲೆಯೆತ್ತಿ ನೋಡಿದವಳೂ ಅಲ್ಲ. ಈ ಮನೆಯಲ್ಲಿ ತಾನು ದಿನವೂ ನೋಡಿದ್ದು ಯಾವುದೋ ಅದನ್ನು ಹೇಳಿದಳು. ಕುಟಿಗ ಅದನ್ನೇ ಕೆತ್ತಿದ.

“ನಿನ್ನ ಹೆಸರು ಅವಳದ್ದು ಕಣೋ ಎಸ್ತೆಬಾನ್,” ಎಂದೆ. “ಆ ಬೇರೆ ಕಡೆಯಿಂದ ಬಂದೋಳದ್ದು.”

ಅವನು ಎದ್ದು ಹೋಗಿ ಸರಪಳಿಯನ್ನು ಒಂದು ಸಲ ಮುಟ್ಟಿ, ಬಿಸಿಯಿತ್ತೇನೋ, ಕೈ ಹಿಂದೆ ತೆಗೆದ. ಮಿಕಾಯೆಲಾ ಮಾತ್ರ ಮೆಲ್ಲಗೆ, ನಮ್ಮ ತೋಳಗಳು ಯಾರಿಗೂ ಒಂದು ತುತ್ತು ಹಾಕಲಿಲ್ಲ ಬಿಡು ಎಂದಳು.

ಗುರುವಾರ ಬೆಳಿಗ್ಗೆ ಗೋಡೆಗೆ ಏಣಿ ತಾಗಿದ ಸದ್ದು ಕೇಳಿತು. ಮಂಡಿಯನ್ನೂ ಮರೆತು ಹೊರಗೋಡಿದೆ. ಬಿಶೆಂತೆಯ ಉಳಿ, ಸುತ್ತಿಗೆ ಹೊಸ್ತಿಲ ಮೇಲೆ ಬಿದ್ದಿದ್ದವು. ಅವನು ಕೆಳಗೆ ಸುಣ್ಣ ಕಲೆಸುತ್ತಿದ್ದ, ಕಲ್ಲಿನ ಬಿರುಕು ಮುಚ್ಚುವುದಕ್ಕೆ. ಏಣಿಯ ಮೇಲೆ ಎಸ್ತೆಬಾನ್, ಪಟ್ಟಣದ ಅಂಗಿಯ ತೋಳು ಮಡಚಿ, ಕೊಪ್ಪರಿಗೆಯ ಹೊಟ್ಟೆಯ ಪಾಚಿ ಉಜ್ಜುತ್ತಿದ್ದ. ಮಿಕಾಯೆಲಾ ಏಣಿ ಹಿಡಿದು ನಿಂತು, ಸರಪಳಿಯ ಮೂರನೇ ಕೊಂಡಿ ಬಿಟ್ಟೆಯಲ್ಲೋ ಎಂದು ಬೈಯುತ್ತಿದ್ದಳು.

ಚೆನ್ನಾಗಿ ಉಣ್ಣು, ಕಿವಿ ಮುಚ್ಚಿಕೋ. ನೀನು ಮುಟ್ಟುವ ದನಕರುಗಳೆಲ್ಲ ಎದ್ದು ನಡೆಯಲಿ.

ನಿನ್ನ ಅಜ್ಜಿ,
ಗ್ರಾಸಿಯಾನಾ ಇತುರ್ಬೆ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನಿನ್ನೆ ನೋಟರಿಯ ಹತ್ತಿರ ಹೋಗಿ, ನನ್ನ ನಂತರ ಈ ಮನೆ, ಒಲೆ, ಕಲ್ಲು ನಿನಗೆ ಎಂದು ಬರೆಸಿದೆ. ನಿನ್ನ ತಾಯಿ ತೀರಿಕೊಂಡಾಗ, ನಮ್ಮ ರಕ್ತದವಳಲ್ಲದಿದ್ದರೂ, ನಾಲ್ಕು ವರ್ಷದ ನಿನ್ನನ್ನು ನಿನ್ನಜ್ಜ ಹೆಗಲ ಮೇಲೆ ಹೊತ್ತು ತಂದು ಸರಪಳಿಯ ಸುತ್ತ ಸುತ್ತಿಸಿದ್ದು ನೆನಪಿದೆಯೇ? ಕಂಕುಳಲ್ಲಿ ಬೆಕ್ಕಿನ ಮರಿ ಹಿಡಿದಿದ್ದೆ. ಅದಕ್ಕೂ ಸುತ್ತು ಬಿತ್ತು. ನಿನ್ನೆ ನೋಟರಿಯ ಬಳಿಗೆ ನನ್ನನ್ನು ಎಸ್ತೆಬಾನನೇ ತನ್ನ ಕಾರಿನಲ್ಲಿ ಕರೆದೊಯ್ದ. ಲೂಸಿಯಾ ಕೊರ್ದೆರೊ ಎಂದು ಬರೆಸಿದಾಗ ನೋಟರಿ ಕನ್ನಡಕ ಏರಿಸಿ, ಉಪನಾಮ ಬೇರೆ ಇದೆಯಲ್ಲ, ಏನು ಸಂಬಂಧ ಎಂದರು. ನಾನು ಬಾಯಿ ತೆರೆಯುವ ಮೊದಲೇ ಎಸ್ತೆಬಾನ್ ಅಂದ, “ಮನೆಯೋಳು ಸಾರ್.” ಕ್ರಿಸ್‌ಮಸ್‌ಗೆ ಬಂದಾಗ ಕೆಸರು ಬೂಟು ಎಂದು ಕೊಟ್ಟಿಗೆಯ ಬಾಗಿಲಿಂದ ನುಸುಳಬೇಡ. ಮುಂಬಾಗಿಲಿಂದ ಬಾ, ತಲೆಯೆತ್ತಿ ನೋಡಿಕೊಂಡು ಬಾ.