ರೋಬೋಟ್, ಸೈಬಾರ್ಗ್ ಮತ್ತು ನಿನ್ನ ಅಪ್ಪ

ಶ್ರೀರಾಂಪುರ, ಮೈಸೂರು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಧರಣಿ,

ಮೊದಲು ಊಟ ಮುಗಿಸು, ಆಮೇಲೆ ಇದನ್ನು ಓದು.

ನಿನ್ನ ಸೆಮಿನಾರಿಗೆ ಅಂತ ಅಪ್ಪನಿಗೆ ಕಳಿಸಿದ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲವೆಂದು ನಿನಗೆ ಬೇಸರ. ಮೊನ್ನೆ ಫೋನಿನಲ್ಲಿ, "ಅಪ್ಪಂಗೆ ನನ್ನ ಓದು ಬೇಡವಾಗೋಯ್ತಾ" ಎಂದು ಕೇಳಿದೆ. ಅವರು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಅವರೆದುರಿಗೇ ಅವರ ವಿಷಯ ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೇ ಈ ಕಾಗದ.

ಕಥೆಗಳಲ್ಲಿ ರೋಬೋಟಿಗೂ ಸೈಬಾರ್ಗಿಗೂ ಏನು ವ್ಯತ್ಯಾಸ ಎಂಬುದು ನಿನ್ನ ಮೊದಲ ಪ್ರಶ್ನೆ. ಇದಕ್ಕೆ ನಾನೇ ಉತ್ತರ ಬರೆಯಬಲ್ಲೆ. ಅಡುಗೆಮನೆಯಲ್ಲಿ ನಿಂತು ನಿಮ್ಮಿಬ್ಬರ ಜಗಳ ಎಷ್ಟು ವರ್ಷ ಕೇಳಿಲ್ಲ ನಾನು? ಮನುಷ್ಯನ ಹಾಗೆ ನಡೆದುಕೊಳ್ಳುವ, ಆದರೆ ಪೂರ್ತಿ ಯಂತ್ರವಾದದ್ದು ರೋಬೋಟ್. ಮೈಯೊಳಗೆ ಯಂತ್ರ ಸೇರಿಸಿಕೊಂಡ ಮನುಷ್ಯ ಸೈಬಾರ್ಗ್. ಅಪ್ಪ ಇದಕ್ಕೆ ತಮ್ಮದೊಂದು ಮಾತು ಸೇರಿಸುತ್ತಿದ್ದರು: ರೋಬೋಟಿನ ಕಥೆ ಓದುವವನು ಯಂತ್ರದೊಳಕ್ಕೆ ಮನುಷ್ಯ ಯಾವಾಗ ಬರುತ್ತಾನೋ ಎಂದು ಕಾಯುತ್ತಾನೆ, ಸೈಬಾರ್ಗಿನ ಕಥೆ ಓದುವವನು ಒಳಗಿರುವ ಮನುಷ್ಯ ಯಾವಾಗ ಹೋಗಿಬಿಡುತ್ತಾನೋ ಎಂದು ಹೆದರುತ್ತಾನೆ. ನೀನು ಒಪ್ಪುತ್ತಿರಲಿಲ್ಲ. ಕಾಲಿಲ್ಲದವರಿಗೆ ಕಾಲು, ಕಣ್ಣಿಲ್ಲದವರಿಗೆ ಕಣ್ಣು ಕೊಡುವ ಕಥೆಯಲ್ಲಿ ಹೆದರುವುದೇನಿದೆ ಎಂದು ವಾದಿಸುತ್ತಿದ್ದೆ. ಸಾರು ಆರಿಹೋದರೂ ನಿಮ್ಮ ಮಾತು ಮುಗಿಯುತ್ತಿರಲಿಲ್ಲ.

ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಕ್ಲಾಸಿನಲ್ಲಿ ಚಾಕ್‌ಪೀಸ್ ಜಾರಿತು, ಮನೆಯಲ್ಲಿ ಪೆನ್ನು ಜಾರಿತು. ಅವರು ಬರೆಯುತ್ತಿದ್ದ ವಿಜ್ಞಾನ ಕಥೆಗಳಲ್ಲಿ ಕೊನೆಯದನ್ನು ಅವರು ಹೇಳುತ್ತಾ ಹೋದ ಹಾಗೆ ನೀನೇ ಬರೆದುಕೊಂಡೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ನಡುಕ ನಿಲ್ಲಲೆಂದು ಮಿದುಳಿಗೆ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಕೂರಿಸಿದ ದಿನ ನೀನೂ ಇದ್ದೆಯಲ್ಲ. ಯಂತ್ರ ಚಾಲೂ ಮಾಡಿದ ತಕ್ಷಣ ಅವರ ಕೈ ನಡುಕ ನಿಂತಿತು. ನೀರಿನ ಲೋಟವನ್ನು ತಾವೇ ಎತ್ತಿ ಕುಡಿದು, "ನಿನ್ನ ಸೈಬಾರ್ಗ್ ನಾನೇ ಆಗ್ಬುಟ್ಟೆ ಕಣಮ್ಮ, ವಾದದಲ್ಲಿ ನೀನೇ ಗೆದ್ದೆ" ಎಂದರು. ಅವರು ಹಾಗೆ ತಮಾಷೆ ಮಾಡಿದ್ದು ಅದೇ ಕೊನೆ.

ರಜೆಗೆ ಬಂದಾಗಲೆಲ್ಲ ಅಪ್ಪ ಯಾಕೆ ಮಂಕಾಗಿದ್ದಾರೆ ಎಂದು ನೀನು ಕೇಳಿದೆ. ಸುಸ್ತು, ಮಾತ್ರೆ, ಸೆಕೆ ಎಂದೆಲ್ಲ ನಾನು ಹೇಳಿದೆ. ಅದು ಸುಸ್ತಲ್ಲ ಧರಣಿ. ಕೈ ಸರಿಯಾಗಿದೆ, ಆದರೆ ಅವರು ಪೆನ್ನು ಮುಟ್ಟಿಲ್ಲ. ಸ್ನಾನ ಮಾಡಿ ಎಂದರೆ ಮಾಡುತ್ತಾರೆ. ಊಟಕ್ಕೆ ಏಳಿ ಎಂದರೆ ಏಳುತ್ತಾರೆ. ಏನೂ ಹೇಳದಿದ್ದರೆ ಬೆಳಿಗ್ಗೆ ಕೂತ ಕುರ್ಚಿಯಲ್ಲೇ ಸಂಜೆಯಾಗುತ್ತದೆ. ನಜರ್‌ಬಾದಿನಲ್ಲಿ ಪುಟ್ಟಲಿಂಗಮ್ಮತ್ತೆ ತೀರಿಕೊಂಡಾಗ ನಿನಗೆ ಪರೀಕ್ಷೆ ಇತ್ತು, ನೀನು ಬರಲಾಗಲಿಲ್ಲ. ತಮ್ಮನ್ನು ಎತ್ತಿ ಆಡಿಸಿ ಸಾಕಿದ ಅಕ್ಕನ ಹೆಣದ ಪಕ್ಕ ನಿಂತು ನಿನ್ನ ಅಪ್ಪ, "ಕಾಫಿ ಇದ್ಯಾ?" ಎಂದು ಕೇಳಿದರು. ಅಳುತ್ತಿದ್ದವರೆಲ್ಲ ಒಮ್ಮೆ ತಿರುಗಿ ನೋಡಿದರು. ನಾನು ಅವರ ಕೈ ಹಿಡಿದುಕೊಂಡು ಹೊರಗೆ ಕರೆತಂದೆ.

ಈ ಯಂತ್ರದಿಂದ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಯಂತ್ರವನ್ನು ಮತ್ತೆ ಮತ್ತೆ ಹೊಂದಿಸಿ ನೋಡಿದರು, ಮಾತ್ರೆ ಬದಲಾಯಿಸಿದರು. ಇದಕ್ಕಿಂತ ತಗ್ಗಿಸಿದರೆ ಕೈಕಾಲು ಹೋಗುತ್ತವೆ, ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಕಳೆದ ತಿಂಗಳು ಹೇಳಿಬಿಟ್ಟರು.

ನಿನ್ನ ಪ್ರಶ್ನೆಗಳನ್ನು ಅವರಿಗೆ ಓದಿ ಹೇಳಿದೆ. "ಏನಾದ್ರೂ ಬರ್ದು ಕಳ್ಸು" ಎಂದರು. ಆ ಮಧ್ಯಾಹ್ನ ನಾನೊಂದು ಕೆಲಸ ಮಾಡಿದೆ. ಯಂತ್ರ ಹಾಕಲು, ಆರಿಸಲು ನಮಗೊಂದು ರಿಮೋಟ್ ಕೊಟ್ಟಿದ್ದಾರೆ. ಅದನ್ನು ಅವರ ಎದೆಯ ಮೇಲಿಟ್ಟು ಆರಿಸಿದೆ.

ಮೊದಲು ಬಲಗೈ ನಡುಗಿತು. ಆಮೇಲೆ ಕತ್ತು ಬಗ್ಗಿತು, ಇಡೀ ಮೈ ಮರಗಟ್ಟಿತು. ನನಗೆ ದಿಗಿಲಾಗಿ ಮತ್ತೆ ಹಾಕಿಬಿಡೋಣವೆಂದುಕೊಳ್ಳುತ್ತಿರುವಾಗ ಅವರು ನನ್ನ ಮುಖ ನೋಡಿದರು. ನೋಡಿದರು ಎಂದರೆ ನಿನಗೆ ಅರ್ಥವಾಗುತ್ತದೋ ಇಲ್ಲವೋ. ನನ್ನನ್ನೇ ನೋಡಿದರು.

"ಪಂಕಜಾ, ಅಕ್ಕ ಹೋಗ್ಬುಟ್ಲಲ್ವಾ?" ಎಂದರು. ಆಮೇಲೆ ಅತ್ತರು. ಕಣ್ಣೊರೆಸಿಕೊಳ್ಳಲು ಕೈ ಮುಖದವರೆಗೆ ಹೋಗುತ್ತಿರಲಿಲ್ಲ. ನಾನೇ ಒರೆಸಿದೆ.

ನಿನ್ನ ಪ್ರಶ್ನೆಯನ್ನು ಮತ್ತೆ ಓದಿದೆ. ಒಂದೊಂದೇ ಮಾತನ್ನು ಎಳೆದೆಳೆದು ಹೇಳಿದರು. "ರೋಬೋಟ್ ಒಳಗೆ ಯಾರೂ ಇಲ್ಲ, ಸೈಬಾರ್ಗ್ ಒಳಗೆ ಒಬ್ಬ ಇದಾನೆ ಅಂತ ಬರೀತಿದ್ವಿ. ಅವನು ಒಳಗೆ ಬಡ್ಕೋತಿರ್ತಾನೆ, ಯಂತ್ರದ ಜೊತೆ ಹೋರಾಡ್ತಿರ್ತಾನೆ ಅಂತ. ಅಂಗೇನಿಲ್ಲ ಕಣೆ. ಒಳಗೆ ಅವನು ಆರಾಮಾಗೇ ಇರ್ತಾನೆ. ಅದೇ ಭಯ. ಮಗೂಗೆ ಅದನ್ನ ಬರಿ."

ನಾನು ನೀರು ಕುಡಿಸಲು ಹೋದೆ. ಗಂಟಲಲ್ಲಿ ಇಳಿಯದೆ ಉಸಿರು ಕಟ್ಟಿತು. "ಹಾಕು, ಹಾಕು" ಎಂದರು. ಹಾಕುವ ಮೊದಲು ನನ್ನಿಂದ ಮಾತು ತೆಗೆದುಕೊಂಡರು. "ಇನ್ನು ಆರಿಸ್ಬೇಡ. ಆರಿಸ್ದಾಗ ದುಃಖ ಎಲ್ಲಾ ಒಟ್ಟಿಗೆ ಬರುತ್ತೆ, ನನ್ ಕೈಲಿ ಆಗಲ್ಲ" ಎಂದರು. ಆಯಿತು ಎಂದೆ. ಸ್ವಲ್ಪ ಹೊತ್ತಿಗೆ ಕೈ ನಡುಕ ನಿಂತಿತು, ಕಣ್ಣೀರೂ ನಿಂತಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತರು.

ಮಾರನೆಯ ದಿನ, ನಿನ್ನೆ ಹೇಳಿದ್ದು ನೆನಪಿದೆಯಾ ಎಂದು ಕೇಳಿದೆ. "ಹ್ಞೂಂ, ನೆನಪಿದೆ" ಎಂದರು. ಬೇಜಾರಾಗಲ್ವಾ ಎಂದೆ. "ಇಲ್ಲ" ಎಂದರು. ಅದು ಸುಳ್ಳಲ್ಲ ಮಗಳೇ. ಅವರಿಗೆ ನಿಜವಾಗಿಯೂ ಬೇಜಾರಿಲ್ಲ.

ನಿನ್ನ ಪ್ರಬಂಧದಲ್ಲಿ ಏನು ಬರೆಯಬೇಕೋ ನೀನೇ ಯೋಚಿಸು. ಅಪ್ಪ ಸರಿಹೋಗುತ್ತಾರೆ ಎಂದು ಮಾತ್ರ ಇನ್ನು ಕಾಯಬೇಡ. ಇಷ್ಟು ದಿನ ನಿನ್ನನ್ನು ಕಾಯಿಸಿದ್ದು ನಾನೇ. ಇನ್ನು ನನ್ನಿಂದ ಆಗುವುದಿಲ್ಲ.

ಚಳಿ ಬರುತ್ತಿದೆ, ಸ್ವೆಟರ್ ತೆಗೆದು ಬಿಸಿಲಿಗೆ ಹಾಕು.

ನಿನ್ನ,
ಅಮ್ಮ

ಮರೆತ ಮಾತು: ಅಪ್ಪನಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಂಡಿಲ್ಲ. ಆಮೇಲೂ ಆರಿಸಿದ್ದೇನೆ, ಬೇಕೆನಿಸಿದಾಗಲೆಲ್ಲ. ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಆಗ ಮಾತ್ರ. ಕರೆದು, ಯಾಕೆ ಹೀಗೆ ಮಾಡ್ತೀಯಾ ಎಂದು ಅಳುತ್ತಾರೆ. ಈಗ ನಾನು ರಿಮೋಟ್ ಎತ್ತಿಕೊಂಡರೆ ಸಾಕು, ಏನೂ ಕೇಳದೆ ತಾವೇ ಅಂಗಿಯ ಗುಂಡಿ ಬಿಚ್ಚಿ ಕೂರುತ್ತಾರೆ. ನೀನು ಬೇಗ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗು. ನಾನು ಕೊಡುವುದಿಲ್ಲ ಎಂದರೂ ಕೇಳಬೇಡ.